ಹೆಸರು ಹಚ್ಚುವ ಮುನ್ನ: ನಮ್ಮ ಸೀಮೆಯ ಓದುಗರಲ್ಲಿ ಒಂದು ಮನವಿ

ಬೆಳಿಗ್ಗೆ ಫೋನು ತೆರೆದರೆ ಸುಭಾಷಿತಗಳ ಸಾಲು. ಸೂರ್ಯೋದಯದ ಒಂದು ಚಿತ್ರ, ಅದರ ಮೇಲೆ ನಾಲ್ಕು ಸಾಲಿನ ಹಿತವಚನ, ಕೆಳಗೆ ಒಂದು ದೊಡ್ಡ ಹೆಸರು. ಒಂದು ದಿನ ಅದು ಕುವೆಂಪು ಅವರ ಹೆಸರು, ಮಾರನೆಯ ದಿನ ಅಬ್ದುಲ್ ಕಲಾಂ ಅವರದು. ಮಾತು ಅದೇ ಇದ್ದು ಹೆಸರು ಮಾತ್ರ ಬದಲಾಗುವುದೂ ಉಂಟು. ಓದಿದವರಿಗೆ ಮಾತು ಹಿಡಿಸುತ್ತದೆ. ಕಳಿಸಿದವರ ಮನಸ್ಸೂ ಒಳ್ಳೆಯದೇ. ಆ ಹಿರಿಯರು ಆ ಮಾತನ್ನು ನಿಜವಾಗಿ ಆಡಿದ್ದರೇ, ಬರೆದಿದ್ದರೇ ಎಂದು ಕೇಳುವವರು ಮಾತ್ರ ಕಡಿಮೆ.

ಒಂದು ಮಾತು, ಒಂದು ಕೃತಿ, ಒಂದು ಕೆಲಸ ಇಂಥವರದು ಎಂದು ಹೇಳುವುದನ್ನು ವಿದ್ವಾಂಸರು ಆರೋಪಣೆ ಎನ್ನುತ್ತಾರೆ. ಆಡುಮಾತಿನಲ್ಲಿ ಅದು ಹೆಸರಿಗೆ ಹಚ್ಚುವುದು. ಕೆಟ್ಟ ಕೆಲಸವಾದರೆ ತಲೆಗೆ ಕಟ್ಟುವುದು. ನಾವೆಲ್ಲರೂ ದಿನವೂ ಇದನ್ನು ಮಾಡುತ್ತೇವೆ. ಈ ಹಾಡು ಪುರಂದರದಾಸರದು ಎನ್ನುತ್ತೇವೆ. ಈ ಗುಡಿ ಹೊಯ್ಸಳರದು ಎನ್ನುತ್ತೇವೆ. ಈ ಕಳವು ಇಂಥವನದೇ ಇರಬೇಕು ಎಂದೂ ಅಂದುಬಿಡುತ್ತೇವೆ. ಸರಿಯಾಗಿ ಹೇಳಿದರೆ ಸಲ್ಲಬೇಕಾದವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ತಪ್ಪಿದರೆ ಒಬ್ಬರ ದುಡಿಮೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಒಮ್ಮೊಮ್ಮೆ ಮಾಡದ ತಪ್ಪಿಗೆ ಒಬ್ಬರ ಮಾನ ಹೋಗುತ್ತದೆ, ಪ್ರಾಣವೂ ಹೋಗುತ್ತದೆ.

ಈ ಮಾತನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಓದುಗರ ಮುಂದೆ ಇಡಲು ಕಾರಣವಿದೆ. ಯಾರದ್ದನ್ನು ಯಾರದು ಎಂದು ಹೇಳಬೇಕು, ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕ ಈ ಸೀಮೆಗೆ ಹೊಸದಲ್ಲ. ಇಲ್ಲಿನ ಕಲ್ಲುಗಳಲ್ಲಿ ಅದು ಇದೆ. ಇಲ್ಲಿನ ಹಾಡುಗಾರಿಕೆಯಲ್ಲಿ ಇದೆ. ಇಲ್ಲಿ ಬಾಳಿದ ಒಬ್ಬ ಸಂನ್ಯಾಸಿಯ ಬದುಕಿನ ದುಡಿಮೆಯಲ್ಲಿಯೂ ಇದೆ.

ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳಕ್ಕೆ ಹೋಗೋಣ. ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟ ನಿಂತಿದ್ದಾನೆ. ಅವನ ಪಾದದ ಅಕ್ಕಪಕ್ಕ ಕೆಲವು ಪುಟ್ಟ ಬರಹಗಳಿವೆ. ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಅವು ಹೇಳುವುದು ಒಂದೇ ಸಂಗತಿ: ಇದನ್ನು ಚಾವುಂಡರಾಯ ಮಾಡಿಸಿದ. ಹತ್ತನೆಯ ಶತಮಾನದ ಆ ಗಂಗ ಮಂತ್ರಿ ತಾನು ಕೆತ್ತಿದೆ ಎಂದು ಹೇಳಿಕೊಂಡಿಲ್ಲ. ಮಾಡಿಸಿದೆ ಎಂದಷ್ಟೇ ಬರೆಸಿದ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅದೇ ಬೆಟ್ಟದ ಮೇಲೆ ಕೆಲಸ ಮಾಡಿಸಿದ. ಗೊಮ್ಮಟನ ಸುತ್ತಲಿನ ಸುತ್ತಾಲಯ ಅವನದು. ಅಷ್ಟು ದೊಡ್ಡ ಅಧಿಕಾರ ಕೈಯಲ್ಲಿದ್ದರೂ ಅವನು ಬರೆಸಿದ್ದು ಸುತ್ತಾಲಯವನ್ನು ಮಾಡಿಸಿದೆ ಎಂದು ಮಾತ್ರ. ತನ್ನ ಪಾಲು ತನಗೆ, ಮೊದಲಿನವನ ಪಾಲು ಮೊದಲಿನವನಿಗೆ.

ಹಾಗಾದರೆ ಗೊಮ್ಮಟನನ್ನು ಕೆತ್ತಿದವರು ಯಾರು? ಅರಿಷ್ಟನೇಮಿ ಎಂಬ ಹೆಸರು ಪರಂಪರೆಯಲ್ಲಿ ಕೇಳಿಬರುತ್ತದೆ. ಪಾದದ ಬಳಿಯ ಬರಹಗಳು ಆ ಹೆಸರನ್ನು ಹೇಳುವುದಿಲ್ಲ. ಎರಡನ್ನೂ ಹೀಗೆ ಬೇರೆ ಬೇರೆ ಇಟ್ಟು ಹೇಳಿದರೆ ನಂಬಿಕೆಗೂ ಧಕ್ಕೆಯಿಲ್ಲ, ಚರಿತ್ರೆಗೂ ಧಕ್ಕೆಯಿಲ್ಲ. ಪರಂಪರೆ ಹೀಗೆನ್ನುತ್ತದೆ, ಬರಹ ಹೀಗೆನ್ನುತ್ತದೆ. ಮಕ್ಕಳನ್ನು ಬೆಟ್ಟ ಹತ್ತಿಸುವ ಮೇಷ್ಟ್ರು ಇಷ್ಟು ಹೇಳಿದರೆ ಸಾಕು.

ಅದೇ ತಾಲೂಕಿನ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯವಿದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಇಲ್ಲಿ ಕಟ್ಟಿಸಿದವನ ಜೊತೆಗೆ ಕೆತ್ತಿದವರೂ ನಮಗೆ ಗೊತ್ತು. ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ದಕ್ಷಿಣದ ಕಡೆಯ ವಿಗ್ರಹಗಳು ಬೈಚೋಜನ ಕೈಕೆಲಸ, ಉತ್ತರದ ಕಡೆಯವು ಮಲ್ಲಿತಮ್ಮನ ಕೈಕೆಲಸ ಎಂದು ಬಲ್ಲವರು ಗುರುತಿಸುತ್ತಾರೆ. ಒಂದು ಕಡೆ ಗಂಭೀರ, ಇನ್ನೊಂದು ಕಡೆ ಚುರುಕು. ಹೆಸರು ಇದ್ದುದರಿಂದಲೇ ಈ ಎರಡು ಕೈಗಳ ಗುಣವನ್ನು ನಾವು ಬೇರೆ ಮಾಡಿ ನೋಡಲು ಸಾಧ್ಯವಾಯಿತು. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ಸಿಗುತ್ತದೆ. ಒಂದು ಪುಟ್ಟ ಸಹಿಯಿಂದ ಒಬ್ಬ ಕಲಾವಿದನ ಬಾಳಿನ ದಾರಿಯೇ ತಿಳಿಯುತ್ತದೆ.

ಹಾಸನ ತಾಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಇನ್ನೂ ಹಳೆಯದು, ಹನ್ನೆರಡನೆಯ ಶತಮಾನದ ಆರಂಭದ್ದು. ಅದನ್ನು ಕಟ್ಟಿಸಿದ್ದು ರಾಜನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷದ ಹಿಂದಿನ ಗುಡಿಯೊಂದರ ಚರಿತ್ರೆಯಲ್ಲಿ ಗಂಡನ ಪಕ್ಕದಲ್ಲಿ ಹೆಂಡತಿಯ ಹೆಸರೂ ಉಳಿದುಬಂದಿದೆ. ಇಂದಿನ ನಮ್ಮ ಎಷ್ಟು ಗೃಹಪ್ರವೇಶದ ಆಹ್ವಾನಪತ್ರಗಳಲ್ಲಿ ಮನೆಯೊಡತಿಗೆ ‘ಶ್ರೀಮತಿ’ಯಾಚೆ ಒಂದು ಹೆಸರಿದೆ ಎಂದು ಒಮ್ಮೆ ನೋಡಬಹುದು.

ಇಷ್ಟೆಲ್ಲ ಹೆಸರುಗಳು ಕಣ್ಣೆದುರು ಇದ್ದರೂ ಬೇಲೂರಿಗೆ ಹೋದಾಗ ನಮ್ಮ ಬಾಯಿಗೆ ಬರುವುದು ಒಂದೇ ಹೆಸರು, ಜಕಣಾಚಾರಿ. ಕಪ್ಪೆಚೆನ್ನಿಗರಾಯನ ಕಥೆ ಯಾರಿಗೆ ತಾನೆ ಇಷ್ಟವಿಲ್ಲ? 1964ರಲ್ಲಿ ಅದು ಸಿನಿಮಾವಾಯಿತು. ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಗೆ ಅವರದೇ ಹೆಸರು. ಆ ಕಥೆ ನಮ್ಮದು, ಅದನ್ನು ಉಳಿಸಿಕೊಳ್ಳೋಣ. ಆದರೆ ಬೇಲೂರಿನ ಕಲ್ಲುಗಳಲ್ಲಿ ವಿದ್ವಾಂಸರು ಓದಿದ ಸಹಿಗಳು ಹೇಳುವುದು ಬೇರೆ ಹೆಸರುಗಳನ್ನು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಅನೇಕರು. ಮದನಿಕೆಯರಲ್ಲಿ ಐದು ಚಾವಣನ ಕೈಯವು, ನಾಲ್ಕು ದಾಸೋಜನವು ಎಂದು ಗುರುತಿಸಲಾಗಿದೆ. ಎಲ್ಲವನ್ನೂ ಒಬ್ಬರ ಹೆಸರಿಗೆ ಹಚ್ಚಿದಾಗ ಆ ಒಬ್ಬರ ಗೌರವವೇನೂ ಹೆಚ್ಚಲಿಲ್ಲ. ಹತ್ತಾರು ಕೈಗಳು ಕಣ್ಮರೆಯಾದವು, ಅಷ್ಟೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಲೋಕದ ಎಲ್ಲ ಕಡೆಯಿಂದ ಬರುವವರಿಗೆ ನಾವು ಹೇಳುವ ಹೆಸರುಗಳು ಆ ಕಲ್ಲುಗಳಲ್ಲಿಯೇ ಇರುವ ಹೆಸರುಗಳಾಗಲಿ.

ಗೊತ್ತಿರುವಷ್ಟನ್ನು ಮಾತ್ರ ಹೇಳುವುದಕ್ಕೆ ಹಲ್ಮಿಡಿ ಶಾಸನ ಒಳ್ಳೆಯ ಪಾಠ. ನಮ್ಮ ಜಿಲ್ಲೆಯದೇ ಬೇಲೂರು ತಾಲೂಕಿನ ಆ ಶಾಸನದಲ್ಲಿ ಕಾಲದ ನಮೂದು ಇಲ್ಲ. ಅದರ ಲಿಪಿ, ಭಾಷೆ, ಅಲ್ಲಿ ಬರುವ ಹೆಸರುಗಳನ್ನು ನೋಡಿ ವಿದ್ವಾಂಸರು ಸುಮಾರು ಕ್ರಿ.ಶ. 450 ಎಂದು ಹೇಳುತ್ತಾರೆ. ಆ ‘ಸುಮಾರು’ ಅವರ ಪ್ರಾಮಾಣಿಕತೆ. ನಾವು ಅದನ್ನು ಹೇಳುವಾಗ ಆ ಮೂರು ಅಕ್ಷರ ಕೈಬಿಡದಿದ್ದರೆ ಅದು ನಮ್ಮ ಪ್ರಾಮಾಣಿಕತೆ.

ಇನ್ನು ಹೇಮಾವತಿಯ ದಂಡೆಯ ಹೊಳೆನರಸೀಪುರ. ಇಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಹೆಸರು ನಿಮಗೆ ಗೊತ್ತು. 1920ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ 1937ರಲ್ಲಿ ಹೊಳೆನರಸೀಪುರಕ್ಕೆ ಬಂತು. ಅದನ್ನು ಕಟ್ಟಿದ ವೈ. ಸುಬ್ಬರಾಯರು 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳಾದರು. 1975ರಲ್ಲಿ ದೇಹ ಬಿಡುವವರೆಗೂ ಅವರು ಮಾಡಿದ ಕೆಲಸದ ತಿರುಳು ಒಂದು ಪ್ರಶ್ನೆ: ಶಂಕರಾಚಾರ್ಯರು ಹೇಳಿದ್ದು ಎಂದು ನಾವು ಹೇಳುತ್ತಿರುವುದು ನಿಜಕ್ಕೂ ಶಂಕರರು ಹೇಳಿದ್ದೇ?

ಶಂಕರರ ನಂತರ ಬಂದ ವ್ಯಾಖ್ಯಾನಕಾರರು ಬಹಳ ಬರೆದರು. ಕಾಲ ಕಳೆದಂತೆ ವ್ಯಾಖ್ಯಾನದ ಮಾತೂ ಮೂಲದ ಮಾತೂ ಒಂದರೊಳಗೊಂದು ಬೆರೆತವು. ಹಿಂದಿನವರು ಒಪ್ಪಿಕೊಂಡು ಬಂದದ್ದನ್ನು ಸ್ವಾಮಿಗಳು ಮತ್ತೆ ತೆರೆದು ನೋಡಿದರು. ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳಿಗೆ ಶಂಕರರು ಬರೆದ ಭಾಷ್ಯಗಳನ್ನು ಮುಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿದರು. ಮೂಲಾವಿದ್ಯೆ ಎಂಬ ಪ್ರಸಿದ್ಧ ಕಲ್ಪನೆಯನ್ನು ಶಂಕರರ ಭಾಷ್ಯಗಳಿಗೆ ಹಚ್ಚಲಾಗದು ಎಂದು 1929ರಲ್ಲಿ ಸಂಸ್ಕೃತದಲ್ಲಿ ‘ಮೂಲಾವಿದ್ಯಾನಿರಾಸ’ ಬರೆದರು. ಪಂಡಿತರಲ್ಲಿ ವಾದ ಎದ್ದಿತು. ಒಪ್ಪಿದವರೂ ಉಂಟು, ಒಪ್ಪದವರೂ ಉಂಟು. ಆದರೆ ಸ್ವಾಮಿಗಳು ಹಿಡಿದ ದಾರಿಯನ್ನು ಎಲ್ಲರೂ ಮೆಚ್ಚಬಹುದು. ಪೂಜ್ಯರ ಹೆಸರಿನಲ್ಲಿ ಒಂದು ಮಾತು ಬಂದಿದೆ ಎಂದಾಕ್ಷಣ ಕೈಮುಗಿದು ಒಪ್ಪಿಬಿಡುವುದೇ ಭಕ್ತಿಯಲ್ಲ. ಪೂಜ್ಯರು ಏನು ಬರೆದಿದ್ದಾರೆ ಎಂದು ಪುಸ್ತಕ ತೆಗೆದು ನೋಡುವುದೂ ಭಕ್ತಿಯೇ.

ಇಷ್ಟು ಕಷ್ಟಪಟ್ಟವರು ಕಲಿಸುತ್ತಿದ್ದ ವಿದ್ಯೆಯ ಮೊದಲ ಪಾಠವೂ ಇದೇ ಎಂಬುದು ಸೋಜಿಗ. ಒಂದರ ಮೇಲೆ ಇಲ್ಲದ್ದನ್ನು ಹೊರಿಸಿ ನೋಡುವುದೇ ಅಧ್ಯಾಸ ಎನ್ನುತ್ತದೆ ಅದ್ವೈತ. ಕಪ್ಪೆಚಿಪ್ಪು ಬೆಳ್ಳಿಯಂತೆ ತೋರಿದ ಹಾಗೆ. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಚಿಪ್ಪು ಚಿಪ್ಪಾಗಿ ಕಾಣುತ್ತದೆ.

ಅರಕಲಗೂಡು ತಾಲೂಕಿನ ರುದ್ರಪಟ್ಟಣ ಇನ್ನೊಂದು ಬಗೆಯ ಪಾಠ ಹೇಳುತ್ತದೆ. ಕಾವೇರಿ ದಂಡೆಯ ಈ ಸಣ್ಣ ಊರು ನಾಡಿಗೆ ಕೊಟ್ಟ ಸಂಗೀತಗಾರರು ಒಬ್ಬಿಬ್ಬರಲ್ಲ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ರುದ್ರಪಟ್ಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಹೀಗೆ ಪಟ್ಟಿ ಬೆಳೆಯುತ್ತದೆ. ಕರ್ನಾಟಕ ಸಂಗೀತದಲ್ಲಿ ಹಾಡಿನೊಳಗೇ ಹಾಡು ಕಟ್ಟಿದವರ ಗುರುತು, ಅಂದರೆ ಅಂಕಿತ, ಇರುತ್ತದೆ. ಪುರಂದರವಿಠಲ ಎಂದರೆ ಪುರಂದರದಾಸರು. ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ವಿಜಯವಿಠಲ ಎಂದರೆ ವಿಜಯದಾಸರು. ಗುರುಗುಹ ಎಂದರೆ ಮುತ್ತುಸ್ವಾಮಿ ದೀಕ್ಷಿತರು. ವಚನಕಾರರ ಅಂಕಿತವೂ ಹೀಗೆಯೇ. ಹಾಡುವವರು ಅಂಕಿತದ ಸಾಲನ್ನು ಬಿಟ್ಟರೆ ಆ ಹಾಡು ತಬ್ಬಲಿ. ಅಂಕಿತವನ್ನು ಬದಲಿಸಿದರೆ ಅದು ಬೇರೆಯವರ ಮನೆ ಸೇರುತ್ತದೆ.

ಆಕಾಶವಾಣಿಯ ಪದ್ಧತಿಯನ್ನೂ ನೆನೆಯಬೇಕು. ಕಛೇರಿಯ ಆರಂಭದಲ್ಲಿ ಹಾಡುವವರ ಹೆಸರು ಬರುತ್ತದೆ. ಪಿಟೀಲು ಯಾರು, ಮೃದಂಗ ಯಾರು ಎಂಬುದು ಬರುತ್ತದೆ. ಪ್ರತಿ ಕೃತಿಗೂ ರಾಗ, ತಾಳ, ರಚನಕಾರರು. ಕೇಳಿ ಕೇಳಿ ನಮಗೆ ಅದು ಅಭ್ಯಾಸವಾಗಿದೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಆ ನಾಲ್ಕು ಮಾತಿನಲ್ಲಿ ಎಲ್ಲರ ಋಣವೂ ಸಂದಾಯವಾಗುತ್ತದೆ.

ಆದರೆ ಅಂಕಿತವಿಲ್ಲದ ಹಾಡುಗಳೂ ನಮ್ಮಲ್ಲಿ ರಾಶಿರಾಶಿ ಇವೆ. ರಾಗಿ ಬೀಸುವಾಗ, ನಾಟಿ ಹಾಕುವಾಗ, ಸೋಬಾನೆಯಲ್ಲಿ ನಮ್ಮ ಹೆಂಗಸರು ಹಾಡಿದವು. ಹಾಸನ ತಾಲೂಕಿನ ಗೊರೂರಿನವರೇ ಆದ ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಹಾಡುಗಳು’ ಸಂಗ್ರಹ ತಂದರು. ಸಕಲೇಶಪುರದಲ್ಲಿ ಹುಟ್ಟಿದ ಎಸ್.ಕೆ. ಕರೀಂಖಾನರು ಊರೂರು ಅಲೆದು ಜನಪದ ಗೀತೆಗಳನ್ನು ಕೂಡಿಹಾಕಿದರು. ಅವರು ಮಾಡದಿದ್ದರೆ ಎಷ್ಟೋ ಹಾಡು ಇಂದು ಇರುತ್ತಿರಲಿಲ್ಲ. ಕಟ್ಟಿದವರು ಯಾರೆಂದು ತಿಳಿಯದ ಹಾಡಿಗೆ ‘ಜನಪದ’ ಎನ್ನುವುದು ಸರಿಯೇ. ಆದರೆ ಹಾಡಿ ಕೊಟ್ಟ ಅಜ್ಜಿ ಯಾರು ಎಂಬುದು ನಮಗೆ ಗೊತ್ತಿರುತ್ತದೆ. ಆಕೆಯ ಹೆಸರಿಗೆ ಬಹಳ ಸಲ ಜಾಗವಿರುವುದಿಲ್ಲ.

ನಮ್ಮ ಹೆಸರುಗಳನ್ನೇ ನೋಡಿ. ಅನಕೃ ಎಂಬ ಮೂರಕ್ಷರದಲ್ಲಿ ಮೊದಲನೆಯದು ಅರಕಲಗೂಡು, ಎರಡನೆಯದು ತಂದೆ ನರಸಿಂಗರಾಯರು. ಎಸ್.ಎಲ್. ಭೈರಪ್ಪ ಎಂಬಲ್ಲಿ ಮೊದಲ ಅಕ್ಷರ ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರ, ಎರಡನೆಯದು ತಂದೆ ಲಿಂಗಣ್ಣಯ್ಯನವರು. ಊರಿನ ಋಣ, ತಂದೆಯ ಋಣ ಎರಡೂ ಹೆಸರಿನಲ್ಲಿಯೇ ಇವೆ. ತಾಯಿಯ ಋಣ ಇಲ್ಲ. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಆ ಬದುಕಿನಲ್ಲಿ ತಾಯಿಯ ಪಾಲು ಎಷ್ಟೆಂಬುದು ಗೊತ್ತು. ಹೆಸರಿನ ಮೊದಲಕ್ಷರಗಳು ಅದನ್ನು ಹೇಳಲಾರವು. ಹೇಳದೆ ಉಳಿದ ಇಂಥ ಪಾಲನ್ನು ಹುಡುಕಿ ಹೇಳುವುದು ನಮ್ಮ ಕೈಯಲ್ಲಿದೆ.

ಪ್ರಿಯ ಓದುಗರೇ, ಇಲ್ಲಿಂದ ಮುಂದಿನ ಮಾತು ನೇರವಾಗಿ ನಿಮ್ಮೊಡನೆ. ನೀವು ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತೀರಿ, ಒಳ್ಳೆಯ ಮನಸ್ಸಿನಿಂದಲೇ ಹೊಗಳುತ್ತೀರಿ ಎಂಬ ಭರವಸೆ ನನಗಿದೆ. ಆ ಒಳ್ಳೆಯ ಮನಸ್ಸಿಗೆ ಸ್ವಲ್ಪ ಎಚ್ಚರ ಸೇರಿಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಮೊದಲು ಫೋನಿನ ವಿಷಯ. ದೊಡ್ಡವರ ಹೆಸರಿನಲ್ಲಿ ಒಂದು ಮಾತು ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ಯಾವ ಪುಸ್ತಕದಲ್ಲಿ? ಯಾವ ಭಾಷಣದಲ್ಲಿ? ಉತ್ತರ ಸಿಕ್ಕರೆ ಅದನ್ನೂ ಸೇರಿಸಿ ಕಳಿಸಿ. ಸಿಗದಿದ್ದರೆ ಹೆಸರನ್ನು ತೆಗೆದು ಮಾತನ್ನು ಮಾತ್ರ ಕಳಿಸಿ. ‘ಯಾರು ಹೇಳಿದ್ದೋ ಗೊತ್ತಿಲ್ಲ, ಮಾತು ಚೆನ್ನಾಗಿದೆ’ ಎಂದು ಬರೆದರೆ ಯಾವ ಅವಮಾನವೂ ಇಲ್ಲ. ಒಳ್ಳೆಯ ಮಾತು ದೊಡ್ಡ ಹೆಸರಿನ ಆಸರೆಯಿಲ್ಲದೆಯೂ ನಿಲ್ಲುತ್ತದೆ. ನಿಲ್ಲದಿದ್ದರೆ ಅದು ಅಷ್ಟು ಒಳ್ಳೆಯ ಮಾತಲ್ಲ.

ತೀರಿಕೊಂಡವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ನಮ್ಮನ್ನು ಅಗಲಿದರು. ಇನ್ನು ಮುಂದೆ ಅವರ ಹೆಸರಿನಲ್ಲಿ ಬರುವ ಮಾತಿಗೆ ‘ಇದು ನನ್ನದಲ್ಲ’ ಎನ್ನಲು ಅವರು ಬರಲಾರರು. ಅವರ ಪುಸ್ತಕಗಳು ಮಾತ್ರ ಹೇಳಬಲ್ಲವು. ಕಾದಂಬರಿಯ ಪಾತ್ರ ಆಡುವ ಮಾತನ್ನು ಲೇಖಕರ ಮಾತೆಂದು ಹಚ್ಚುವುದೂ ತಪ್ಪೇ. ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳು ಆಡಿದ್ದು ಶ್ರೋತ್ರಿಗಳ ಮಾತು. ಅದೇ ಪುಸ್ತಕದಲ್ಲಿ ಕಾತ್ಯಾಯನಿಗೆ ಬೇರೆ ಮಾತಿದೆ. ಹೇಳುವುದಾದರೆ ಇಂಥ ಕಾದಂಬರಿಯ ಇಂಥ ಪಾತ್ರ ಹೀಗೆನ್ನುತ್ತದೆ ಎಂದು ಹೇಳಿ. ಅದು ಲೇಖಕರಿಗೂ ನ್ಯಾಯ, ಕಾದಂಬರಿಗೂ ನ್ಯಾಯ. ಈಗಂತೂ ಇಲ್ಲದವರ ದನಿಯನ್ನೂ ಮುಖವನ್ನೂ ಕಂಪ್ಯೂಟರ್ ಕಟ್ಟಿಕೊಡುತ್ತದೆ. ಕಿವಿಯಾರೆ ಕೇಳಿದೆ, ಕಣ್ಣಾರೆ ಕಂಡೆ ಎಂಬುದು ಸಾಲದ ಕಾಲ ಇದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರು ಇದನ್ನು ಮೊದಲೇ ಬಲ್ಲವರಂತೆ ಹೇಳಿದ್ದಾರೆ.

ಎರಡನೆಯದು ಹೆಚ್ಚು ಗಂಭೀರವಾದದ್ದು. ಹೊಗಳಿಕೆಯನ್ನು ತಪ್ಪು ಹೆಸರಿಗೆ ಹಚ್ಚಿದರೆ ತಿದ್ದಬಹುದು. ಅಪರಾಧವನ್ನು ತಪ್ಪು ತಲೆಗೆ ಕಟ್ಟಿದರೆ ತಿದ್ದಲು ಹೊತ್ತೇ ಸಿಗದಿರಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕೆಲವು ಗೆಳೆಯರನ್ನು ಮಕ್ಕಳ ಕಳ್ಳರೆಂದು ಬಗೆದು ಜನ ಹೊಡೆದರು. ಅವರಲ್ಲಿ ಒಬ್ಬರು, ಸಾಫ್ಟ್‌ವೇರ್ ಎಂಜಿನಿಯರ್, ಸತ್ತೇಹೋದರು. ವಾಟ್ಸಾಪಿನಲ್ಲಿ ಓಡಿದ ಸುದ್ದಿಯೇ ಬೆಂಕಿ ಹಚ್ಚಿತ್ತು. ಆ ವರ್ಷವೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಕಂಪನಿ ಹಾಕಿದ ಮಿತಿ ಐದು. ನಮಗೆ ನಾವೇ ಹಾಕಿಕೊಳ್ಳುವ ಮಿತಿ ಸೊನ್ನೆಯಾಗಲಿ. ಒಬ್ಬರ ಫೋಟೊ, ಒಂದು ಗಾಡಿಯ ನಂಬರು, ‘ಇವರನ್ನು ಕಂಡರೆ ಹುಷಾರು’ ಎಂಬ ಬರಹ ಬಂದರೆ ಗುಂಪಿಗೆ ಹಾಕಬೇಡಿ. ನಿಜವಾಗಿ ಭಯವಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಠಾಣೆಗೆ ತಿಳಿಸಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆ ನಮ್ಮ ಮನೆಯ ಗುಂಪಿಗೆ ಅನ್ವಯಿಸದಂತೆ ನೋಡಿಕೊಳ್ಳೋಣ.

ಮೂರನೆಯದು ಬರೆಯುವವರಿಗೆ, ಸಂಚಿಕೆ ತರುವವರಿಗೆ. ಶಾಲೆಯ ವಾರ್ಷಿಕೋತ್ಸವ, ಸಂಘದ ಬೆಳ್ಳಿಹಬ್ಬ, ಊರ ಜಾತ್ರೆ, ಎಲ್ಲಕ್ಕೂ ನಾವು ಸ್ಮರಣ ಸಂಚಿಕೆ ತರುತ್ತೇವೆ. ಅದರಲ್ಲಿ ಎರಡು ಮಾತು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಲೇಖನದ ಕೆಳಗೆ ‘ಸಂಗ್ರಹ’. ಚಿತ್ರದ ಕೆಳಗೆ ‘ಕೃಪೆ: ಅಂತರ್ಜಾಲ’. ಸಂಗ್ರಹಿಸಿದವರ ಹೆಸರಿದೆ, ಬರೆದವರ ಹೆಸರಿಲ್ಲ. ಅಂತರ್ಜಾಲ ಯಾವ ಫೋಟೊವನ್ನೂ ತೆಗೆದಿಲ್ಲ. ಬೆಳಗಿನ ಜಾವ ಎದ್ದು ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಮುಂದೆ ಕ್ಯಾಮೆರಾ ಹಿಡಿದು ಕಾದವರು ಯಾರೋ ಒಬ್ಬರು ಇರುತ್ತಾರೆ. ಸ್ವಲ್ಪ ಹುಡುಕಿದರೆ ಅವರ ಹೆಸರು ಸಿಗುತ್ತದೆ. ಒಂದು ಸಂದೇಶ ಕಳಿಸಿ ಕೇಳಿದರೆ ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಾರೆ. ಕಾನೂನೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕೃತಿಯ ಹಕ್ಕನ್ನು ಮಾರಿದ ಮೇಲೆಯೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನದೇ. ಹಣ ಬೇರೆ, ಹೆಸರು ಬೇರೆ.

ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಪ್ರಬಂಧ ಬರೆಸುವಾಗ ಕೊನೆಯಲ್ಲಿ ‘ಇದನ್ನು ನನಗೆ ಹೇಳಿದವರು, ನಾನು ಓದಿದ ಪುಸ್ತಕ’ ಎಂದು ಎರಡು ಸಾಲು ಬರೆಸಿ. ‘ಅಜ್ಜ ಹೇಳಿದರು’ ಎಂದು ಮಗು ಬರೆದರೆ ಅದಕ್ಕೂ ಒಂದು ಅಂಕ ಕೊಡಿ. ಎಲ್ಲಿಂದ ತಂದೆ ಎಂದು ಹೇಳುವುದು ದೊಡ್ಡವರ ಲಕ್ಷಣ ಎಂಬುದು ಎಂಟನೇ ತರಗತಿಯಲ್ಲಿಯೇ ಅಭ್ಯಾಸವಾದರೆ ಮುಂದೆ ಯಾರೂ ಕಲಿಸಬೇಕಿಲ್ಲ. ಸಾಧ್ಯವಾದರೆ ಮಕ್ಕಳಿಂದ ತಮ್ಮ ಊರಿನ ಶಾಸನವನ್ನು ಹುಡುಕಿಸಿ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೇ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಶ್ರವಣಬೆಳಗೊಳಕ್ಕೇ ಒಂದು ಸಂಪುಟ ಮೀಸಲಾಗಿದೆ. ಕೆರೆ ಏರಿಯ ಮೇಲೆ ಒರಗಿದ ಕಲ್ಲಿನಲ್ಲಿ ತಮ್ಮೂರಿನ ಹೆಸರಿದೆ, ತಮ್ಮೂರಿಗಾಗಿ ಸತ್ತ ಒಬ್ಬನ ಹೆಸರಿದೆ ಎಂದು ತಿಳಿದ ಮಗು ಆ ಕಲ್ಲಿಗೆ ಸುಣ್ಣ ಬಳಿಯಲು ಬಿಡುವುದಿಲ್ಲ.

ಗುಡಿಯ ಸಮಿತಿಯ ಹಿರಿಯರಲ್ಲಿ, ಮನೆ ಕಟ್ಟಿಸುವವರಲ್ಲಿ ಇನ್ನೊಂದು ಕೋರಿಕೆ. ಜೀರ್ಣೋದ್ಧಾರದ ಫಲಕದಲ್ಲಿ ದಾನಿಗಳ ಹೆಸರು ಇರಲಿ, ಅದು ನ್ಯಾಯ. ಉದ್ಘಾಟಿಸಿದವರ ಹೆಸರೂ ಇರಲಿ. ಅದರ ಕೆಳಗೆ ವಿಗ್ರಹ ಕೆತ್ತಿದ ಶಿಲ್ಪಿ, ಗೋಪುರ ಕಟ್ಟಿದ ಮೇಸ್ತ್ರಿ, ಬಾಗಿಲು ಮಾಡಿದ ಆಚಾರಿ, ಇವರ ಹೆಸರುಗಳಿಗೆ ಒಂದು ಸಾಲು ಬಿಡಿ. ಇದು ಹೊಸ ಪದ್ಧತಿಯೇನೂ ಅಲ್ಲ. ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನಿಗೂ ಜಾಗ ಸಿಕ್ಕಿದೆ, ಮಲ್ಲಿತಮ್ಮನಿಗೂ ಜಾಗ ಸಿಕ್ಕಿದೆ. ಒಬ್ಬರಿಗೆ ಕೊಟ್ಟದ್ದರಿಂದ ಇನ್ನೊಬ್ಬರಿಗೆ ಕಡಿಮೆಯಾಗಲಿಲ್ಲ. ಹಾಗೆಯೇ ಹಳೆಯ ಗುಡಿಯ ಗೋಡೆಗೆ ಬಣ್ಣ ಬಳಿಯುವ ಮುನ್ನ, ನೆಲಕ್ಕೆ ಟೈಲ್ಸ್ ಹಾಕಿಸುವ ಮುನ್ನ ಅಲ್ಲಿ ಅಕ್ಷರಗಳಿವೆಯೇ ಎಂದು ನೋಡಿ. ಇದ್ದರೆ ಪುರಾತತ್ವ ಇಲಾಖೆಗೆ ತಿಳಿಸಿ.

ಯುವಕ ಯುವತಿಯರಿಗೆ ಪ್ರೀತಿಯಿಂದ ಒಂದು ಮಾತು. ಪ್ರವಾಸ ಹೋದಾಗ ಹಳೆಯ ಕಲ್ಲುಗಳ ಮೇಲೆ ನಿಮ್ಮ ಹೆಸರನ್ನು ಗೀಚಬೇಡಿ. ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಕಾನೂನಿದೆ. ಆದರೆ ಕಾನೂನಿನ ಭಯಕ್ಕಿಂತ ನಿಮ್ಮ ಅಭಿಮಾನವನ್ನೇ ನಾನು ಹೆಚ್ಚು ನಂಬುತ್ತೇನೆ. ದಾಸೋಜ, ಚಾವಣ ಇವರು ಕಲ್ಲಿನ ಮೇಲೆ ಹೆಸರು ಬರೆದದ್ದು ಆ ಕಲ್ಲನ್ನು ಕೆತ್ತಿ ಮುಗಿಸಿದ ಮೇಲೆ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ಅವರ ಸಹಿಯನ್ನು ಹುಡುಕಿ ತೆಗೆಯಿರಿ. ಗೆಳೆಯರಿಗೆ ಕಳಿಸಿ. ಹಂಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರ. ಹೆಸರಿನ ವಿಷಯದಲ್ಲಿ ಕಟ್ಟುನಿಟ್ಟಾಗುವುದು ಎಂದರೆ ಕಂಡವರನ್ನೆಲ್ಲ ತಿದ್ದುತ್ತ ಹೋಗುವುದಲ್ಲ. ಮನೆಯ ಹಿರಿಯರು ತಪ್ಪು ಹೆಸರಿನ ಸುಭಾಷಿತ ಕಳಿಸಿದರೆ ಗುಂಪಿನಲ್ಲಿ ಎಲ್ಲರೆದುರು ಜಗಳ ತೆಗೆಯಬೇಡಿ. ‘ಅಪ್ಪಾಜಿ, ಇದು ಯಾವ ಪುಸ್ತಕದಲ್ಲಿದೆ, ಓದಬೇಕು ಅನ್ನಿಸಿತು’ ಎಂದು ಅವರಿಗೊಬ್ಬರಿಗೇ ಕೇಳಿ. ಅವರು ಹುಡುಕುತ್ತಾರೆ. ಮುಂದಿನ ಸಲ ಕಳಿಸುವ ಮುನ್ನವೂ ಹುಡುಕುತ್ತಾರೆ. ಗುಡಿಯ ಅರ್ಚಕರು ಸ್ಥಳಪುರಾಣ ಹೇಳುವಾಗ ಅಡ್ಡಬಾಯಿ ಹಾಕಬೇಡಿ. ಪುರಾಣವನ್ನು ಪುರಾಣವಾಗಿ ಕೇಳಿ. ಬರೆಯುವಾಗ ಮಾತ್ರ ‘ಸ್ಥಳಪುರಾಣ ಹೀಗೆನ್ನುತ್ತದೆ’ ಎಂದು ಬರೆಯಿರಿ. ಯಾರ ಮನಸ್ಸೂ ನೋಯುವುದಿಲ್ಲ, ನಿಜಕ್ಕೂ ನೋವಾಗುವುದಿಲ್ಲ.

ಇನ್ನು ಕೊನೆಯದು. ಇದಕ್ಕೆ ಹೊತ್ತು ಮೀರುತ್ತಿದೆ, ಆದ್ದರಿಂದ ಈ ವಾರವೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಾಡು ಬಲ್ಲ, ಕಥೆ ಬಲ್ಲ, ನಾಟಿ ಔಷಧ ಬಲ್ಲ ಹಿರಿಯರು ಒಬ್ಬರಾದರೂ ಇರುತ್ತಾರೆ. ಅವರ ಹತ್ತಿರ ಕೂತುಕೊಳ್ಳಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ದನಿ ಹಿಡಿಯಿರಿ. ಹಾಡು ಆರಂಭವಾಗುವ ಮುನ್ನ ಅವರ ಬಾಯಲ್ಲಿಯೇ ಅವರ ಪೂರ್ತಿ ಹೆಸರು, ಹುಟ್ಟಿದೂರು, ಸೇರಿದ ಊರು, ಇದನ್ನು ಕಲಿಸಿದವರು ಯಾರು ಎಂಬುದನ್ನು ಹೇಳಿಸಿ. ದಿನಾಂಕವನ್ನು ನೀವು ಹೇಳಿ. ಆ ಕಡತಕ್ಕೆ ಅವರ ಹೆಸರನ್ನೇ ಇಡಿ. ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ. ಇನ್ನೊಂದನ್ನು ಅವರ ಮೊಮ್ಮಕ್ಕಳಿಗೆ ಕೊಡಿ.

ಇದಕ್ಕೆ ಹಣ ಬೇಕಿಲ್ಲ. ಯಾರ ಅಪ್ಪಣೆಗೂ ಕಾಯಬೇಕಿಲ್ಲ. ನೀವು ಒಂದು ಗಂಟೆ ಕೊಟ್ಟರೆ ನಾಳೆ ಆ ಹಾಡನ್ನು ಹಾಡುವವರು ‘ಜನಪದ’ ಎಂದಷ್ಟೇ ಹೇಳಿ ಮುಗಿಸಬೇಕಾಗಿಲ್ಲ. ಇಂಥ ಊರಿನ ಇಂಥ ತಾಯಿ ಹಾಡಿ ಕೊಟ್ಟದ್ದು ಎಂದು ಹೇಳಬಹುದು. ನೀವು ಇದನ್ನು ಮಾಡುತ್ತೀರಿ ಎಂಬ ನಂಬಿಕೆಯಿಂದಲೇ ಈ ಮನವಿಯನ್ನು ನಿಮ್ಮ ಮುಂದಿಟ್ಟಿದ್ದೇನೆ. ಮಾಡಿದ ಮೇಲೆ ನಿಮ್ಮ ಊರಿನ ಇನ್ನೊಬ್ಬರಿಗೂ ಹೇಳಿ.